ನಡುವಿನ ಪಿಕಪ್ಪಿನ ಎರಡು ವೈರು

ಅಂಬಣ್ಣ, ನಿನ್ನ ಕಿವಿ ಅವತ್ತು ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಕೆಲಸ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿನ್ನ ಕಿವಿಯ ಮೇಲೆ ಹೊರಿಸಿದೆ. ಎದುರಿಗೆ ಕೂತು ಹೇಳಬೇಕಾದ ಮಾತು ಇದು. ಆದರೆ ಈಗ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದ ಹಿಂದೆ ನೀನು ಶಹಾಬಾದಿನಿಂದ ವಾಡಿಯ ನನ್ನ ಅಂಗಡಿಗೆ ಗಿಟಾರು ತಂದಿದ್ದೆ. ಕಲ್ಲು ಪಾಲಿಶ್ ಮಾಡುವ ಮಷೀನಿನ ಬಿಳಿ ಧೂಳು ನಿನ್ನ ಹುಬ್ಬಿನ ಮೇಲೆ ಹಾಗೇ ಇತ್ತು. ಹಗಲೆಲ್ಲ ಆ ಮಷೀನು, ಮದುವೆ ದಿನಗಳಲ್ಲಿ ಆರ್ಕೆಸ್ಟ್ರಾ — ಅದು ಆಗ ನಿನ್ನ ಬದುಕು. ಗಿಟಾರಿನ ತಂತಿಗಳ ಕೆಳಗೆ ಮೂರು ಪಿಕಪ್ಪು. ತಂತಿಯ ನಡುಕ ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದು ಅವೇ. ನಡುವಿನದು ಸತ್ತುಹೋಗಿತ್ತು. ಕೊರಿಯರಿನಲ್ಲಿ ತರಿಸಿದ ಹೊಸದನ್ನು ನನ್ನ ಅಂಗೈಯಲ್ಲಿಟ್ಟು, "ಸಿದ್ದಣ್ಣ, ಮುಂದಿನ ವಾರ ಕಲಬುರಗಿ ಆರ್ಕೆಸ್ಟ್ರಾ ಪಾರ್ಟಿಯವ್ರು ನಾ ನುಡಿಸೂದು ಕೇಳಾಕ ಕರ್ದಾರ. ಪಾಸ್ ಆದ್ರ ಖಾಯಂ ತೊಗೋತಾರ, ಈ ಮಷೀನಿನ ಸಾವಾಸ ಮುಗೀತು. ಭಾಳ ಹುಷಾರಿಲೆ ಮಾಡು" ಅಂದಿದ್ದೆ.

ಮೈಕು, ಆಂಪ್ಲಿಫೈಯರು ಅಂದರೆ ವಾಡಿಯಲ್ಲಿ ನನ್ನನ್ನು ಬಿಟ್ಟರೆ ಇನ್ನಿಲ್ಲ ಎಂಬ ಸೊಕ್ಕು ನನಗೆ. ಗಿಟಾರಿನ ಹೊಟ್ಟೆ ಮಾತ್ರ ಅದುವರೆಗೆ ಬಿಚ್ಚಿದವನಲ್ಲ — ಅದನ್ನು ನಿನಗೆ ಹೇಳಲಿಲ್ಲ. "ಏ, ಇದೇನ್ ದೊಡ್ಡ ಮಾತು, ಬಿಡೋ" ಅಂದೆ. ಹಳೆಯ ಪಿಕಪ್ಪಿಗೆ ಒಂದು ಬಿಳಿ ವೈರು, ಒಂದು ಕರಿ ವೈರು. ಹೊಸದಕ್ಕೂ ಅಷ್ಟೇ. ಬಿಳಿ ಇದ್ದಲ್ಲಿ ಬಿಳಿ, ಕರಿ ಇದ್ದಲ್ಲಿ ಕರಿ ಇಟ್ಟು ಬೆಸೆದೆ. ನಮ್ಮ ಮೈಕ್‌ಸೆಟ್ಟಿನವರ ರೂಢಿ ಅದು, ಬಣ್ಣ ನಂಬುವುದು. ಹೊಸದು ಬೇರೆ ಕಂಪನಿಯದು, ಒಳಗಿನ ಸುರುಳಿಯನ್ನು ಅವರು ಉಲ್ಟಾ ಸುತ್ತಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಒಂದೊಂದೇ ಪಿಕಪ್ಪು ತಟ್ಟಿದೆ — ಟಕ್, ಟಕ್, ಟಕ್. ಮೂರೂ ಮಾತಾಡಿದವು. ಸ್ವಿಚ್ಚು ಸರಿಸಿ ಎರಡನ್ನು ಕೂಡಿಸಿ ನೋಡಲಿಲ್ಲ.

ಮರುದಿನ ನೀನು ಅಂಗಡಿಯಲ್ಲೇ ಕೂತು ನುಡಿಸಿದೆ. ನುಡಿಸುತ್ತ ನುಡಿಸುತ್ತ ನಿಲ್ಲಿಸಿದೆ. "ಒಂದೊಂದೇ ಇದ್ದಾಗ ಬರಾಬರ್ ಅದ. ನಡುವಿಂದು ಇನ್ನೊಂದರ ಸಂಗಟ ಕೂಡ್ತಂದ್ರ ದನಿ ತೆಳ್ಳಗ ಆಗಾಕತ್ತದ ಸಿದ್ದಣ್ಣ, ಸಪ್ಪಗ ಆಗಾಕತ್ತದ." ನನಗೂ ಕೇಳಿಸಿತು. ಜೋಡಿ ಸ್ಪೀಕರಿನಲ್ಲಿ ಒಂದರ ವೈರು ಉಲ್ಟಾ ಆದರೂ ಹೀಗೇ — ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ, ಎರಡೂ ಸೇರಿ ದನಿಯನ್ನು ತಿಂದುಹಾಕುತ್ತವೆ. ಆ ಕ್ಷಣಕ್ಕೇ ತಿಳಿಯಿತು ನನಗೆ. ಆದರೆ ನಾಲ್ಕು ಮಂದಿ ಗಿರಾಕಿಗಳು ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಅವರೆದುರು ನಾನು ತಪ್ಪಿದೆ ಅನ್ನುವುದು ಹೇಗೆ? ನನ್ನ ಬಾಯಿಂದ ಬಂದದ್ದು ಇದು:

"ಗಿಟಾರ್ ನೆಟ್ಟಗೇ ಅದ. ಆ ಮಷೀನ್ ಮುಂದ ನಿಂತು ನಿಂತು ನಿನ್ನ ಕಿವಿ ಹೋಗ್ಯಾವ ನೋಡು."

ಅವರು ನಕ್ಕರು. ನೀನು ನಗಲಿಲ್ಲ. ತಲೆ ವಾರೆ ಮಾಡಿ ಇನ್ನೊಮ್ಮೆ ತಂತಿ ಮೀಟಿದೆ, ಕೇಳಿದೆ, ಮತ್ತೆ ನನ್ನ ಮುಖ ನೋಡಿದೆ. ನಿನ್ನ ಕಿವಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದೆಯಲ್ಲೋ, ಹುಚ್ಚಪ್ಪಾ.

ಮಂದಿ ಇಲ್ಲದಾಗ ಕರೆದು ಸರಿಮಾಡಿ ಕೊಟ್ಟರಾಯಿತು ಅಂದುಕೊಂಡೆ. ನಾಳೆ, ನಾಡಿದ್ದು... ಮೂರನೇ ದಿನ ನೀನೇ ಬಂದೆ. ಕಲಬುರಗಿಯವರಿಗೆ ಫೋನು ಮಾಡಿ ಬರುವುದಿಲ್ಲ ಅಂದುಬಿಟ್ಟಿದ್ದೆ. "ದನಿ ಗೊತ್ತಾಗಲಾರ್ದಂವ ಸ್ಟೇಜ್ ಹತ್ತಿ ಏನ್ ಮಾಡ್ಲಿ? ನೀ ಹೇಳಿದ್ದು ಚಲೋ ಆತು. ಇದು ನಿನ್ನ ಹತ್ರಾನೇ ಇರ್ಲಿ" ಅಂದು ಗಿಟಾರನ್ನು ನನ್ನ ಗೋಡೆಯ ಮೊಳೆಗೆ ನೀನೇ ತೂಗುಹಾಕಿ ಮೆಟ್ಟಿಲಿಳಿದೆ. ಆಗಲಾದರೂ "ನಿಲ್ಲೋ ಅಂಬಣ್ಣ" ಅನ್ನಬಹುದಿತ್ತು. ಎರಡೇ ಶಬ್ದ.

ನೀನು ಮಷೀನಿಗೆ ಮರಳಿದೆ. ಹೇಗೂ ಕಿವಿ ಹೋಗಿವೆ ಎಂದು ಅರಳೆ ತುಂಬಿಕೊಳ್ಳುವುದನ್ನೂ ಬಿಟ್ಟಿದ್ದೀಯ ಎಂದು ನಿನ್ನ ಹೆಂಡತಿ ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಕೇಳಿಸಿಕೊಂಡು ಮನೆಗೆ ಬಂದೆ, ಉಂಡೆ, ಮಲಗಿದೆ. ಅಂಥವನು ನಾನು. ಗಿಟಾರು ಮೊಳೆಯಲ್ಲೇ ಇತ್ತು, ನಾನು ಅದರ ಕೆಳಗೇ ಕೂತು ಕೆಲಸ ಮಾಡುತ್ತಿದ್ದೆ.

ಹೋದ ವಾರ ನೀನು ಬಂದೆ. ನಾನು ಮೂರು ಸಲ ಕೂಗಿದೆ. ನೀನು ನನ್ನ ತುಟಿ ನೋಡುತ್ತಿದ್ದೆ. ಎರಡೂ ಕಿವಿ ಮುಗಿದಿವೆ, ಕಿವಿಗೆ ಹಾಕುವ ಯಂತ್ರದಿಂದಲೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೀನೇ ದೊಡ್ಡ ದನಿಯಲ್ಲಿ ಹೇಳಿದೆ. ಆಮೇಲೆ ನನ್ನ ಹೆಗಲು ತಟ್ಟಿ, "ನೀ ಅವತ್ತೇ ಹೇಳಿದ್ದಿ ಸಿದ್ದಣ್ಣ. ಖರೇ ಆತು ನೋಡು" ಅಂದೆ. ಅದು ತಾನಾಗಿ ಖರೇ ಆಗಲಿಲ್ಲ ಅಂಬಣ್ಣ — ನಾನು ಮಾಡಿದೆ. ಕಲಬುರಗಿಗೆ ಹೋಗಿದ್ದರೆ ನೀನು ಒಂಬತ್ತು ವರ್ಷ ಆ ಮಷೀನಿನ ಮುಂದೆ ನಿಲ್ಲುತ್ತಿರಲಿಲ್ಲ.

ನೀನು ಹೋದ ಮೇಲೆ ಗಿಟಾರು ಇಳಿಸಿದೆ. ಜಂಗು ಹಿಡಿದ ತಂತಿ ಬಿಚ್ಚಿದೆ. ಬಿಳಿ ಇದ್ದಲ್ಲಿ ಕರಿ, ಕರಿ ಇದ್ದಲ್ಲಿ ಬಿಳಿ. ಅರ್ಧ ತಾಸೂ ಹಿಡಿಯಲಿಲ್ಲ. ಹೊಸ ತಂತಿ ಕಟ್ಟಿ, ಎರಡು ಪಿಕಪ್ಪು ಕೂಡಿಸಿ ಮೀಟಿದೆ — ನೀನು ಅವತ್ತು ಹುಡುಕುತ್ತಿದ್ದ ದನಿ, ಅಂಗಡಿ ತುಂಬ ಬಂತು. ಥೂ ನನ್ನ ಜನ್ಮಕ್ಕೆ. ಯಾರಿಗೆ ಕೇಳಿಸಲಿ ಅದನ್ನು?

ಕ್ಷಮಿಸು ಎಂದು ಬರೆದು ಕಾಟು ಹೊಡೆದಿದ್ದೇನೆ. ಯಾವ ಮುಖ ಇಟ್ಟುಕೊಂಡು ಕೇಳಲಿ. ರವಿವಾರ ಶಹಾಬಾದಿಗೆ ಬರುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಆಮೇಲೆ ನೀನು ಏನಂದರೂ ಒಂದು ಅಕ್ಷರ ಬಿಡದೆ ಕೇಳುತ್ತೇನೆ. ನನ್ನ ಕಿವಿ ನೆಟ್ಟಗಿವೆ.