ಗಂಜಿಯಜ್ಜ ತಿರುಗಿಸಿ ಹೇಳಿದ ಹವಾಮಾನ

ಗಂಜಿಯಜ್ಜನ ಮುಂಗೈ ಕೂದಲು ಯಾವಾಗಲೂ ಗಂಜಿ ಒಣಗಿ ಬೆಳ್ಳಗೆ ಸೆಟೆದು ನಿಂತಿರುತ್ತಿತ್ತು. ಕಟ್ಟೆಯ ಮೇಲೆ ಕೂತಾಗ ಆ ಗಂಜಿಯನ್ನು ಉಗುರಿನಿಂದ ಕೆರೆದು ಉದುರಿಸುವುದು, ಯಾರಾದರೂ ನೋಡಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು ಅವರ ರೂಢಿ.

ಇಳಕಲ್ಲಿನ ನಮ್ಮ ಓಣಿಯ ನೇಕಾರರಿಗೆಲ್ಲ ಹಾಸಿನ ನೂಲಿಗೆ ಗಂಜಿ ಹಚ್ಚಿಕೊಡುವವರು ಅವರೇ. ಸೀರೆಯ ಉದ್ದದ ಎಳೆಗಳನ್ನು ಓಣಿಯ ಆ ತುದಿಯಿಂದ ಈ ತುದಿಗೆ ಬಿಗಿದು, ಗಂಜಿ ಸವರಿ, ಕುಂಚದಿಂದ ತೀಡುತ್ತ ತೀಡುತ್ತ ಒಣಗಿಸಬೇಕು. ಅಷ್ಟರಲ್ಲಿ ನಾಲ್ಕು ಹನಿ ಬಿದ್ದವೋ, ಎಳೆಗಳು ಒಂದಕ್ಕೊಂದು ಅಂಟಿ ವಾರದ ಕೆಲಸ ಮಣ್ಣುಪಾಲು. ಹೀಗಾಗಿ ಅಜ್ಜನಿಗೆ ಹವಾಮಾನ ವಾರ್ತೆಯ ಮೇಲೆ ವಿಪರೀತ ಭಕ್ತಿ. ಮಧ್ಯಾಹ್ನ ಅವರ ಮನೆಯ ರೇಡಿಯೊದಲ್ಲಿ ವಾರ್ತೆ ಶುರುವಾಯಿತೆಂದರೆ ಕಟ್ಟೆಯ ಹರಟೆಯೆಲ್ಲ ಬಂದ್.

ರೇಡಿಯೊದವರ ಕನ್ನಡ ನಮ್ಮ ಓಣಿಯ ಹೆಂಗಸರಿಗೆ ಅರ್ಧಂಬರ್ಧ. ವಾಯುಭಾರ ಕುಸಿತ ಎಂದರೆ ಯಾರಿಗೆ ತಿಳಿಯಬೇಕು? ವಾರ್ತೆ ಮುಗಿದ ಮೇಲೆ ಅಜ್ಜ ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು: "ಸಮುದ್ರದಾಗ ಗಾಳಿ ಸುಳಿ ಬಿದ್ದೈತಿ." ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಮನೆಯಲ್ಲಿ ಮದುವೆ ಇಟ್ಟುಕೊಂಡವರು ಬಂದು, ಮಳೆ ಇಲ್ಲ ಅಂತ ಒಂದು ಮಾತು ಹೇಳಿಬಿಡ್ರಿ ಎಂದು ಗೋಗರೆದರೂ ಅವರು ಜಗ್ಗುತ್ತಿರಲಿಲ್ಲ. ರೇಡಿಯೊದವರು ಅಂದದ್ದಷ್ಟೇ ತಮ್ಮ ಮಾತು ಎನ್ನುತ್ತಿದ್ದರು.

ಅಜ್ಜ ಸಮುದ್ರ ಕಂಡವರಲ್ಲ. ಕಂಡ ದೊಡ್ಡ ನೀರೆಂದರೆ ಶಿವಯೋಗ ಮಂದಿರದ ಹತ್ತಿರದ ಮಲಪ್ರಭೆ. ಆದರೂ ಮೀನುಗಾರರು ಕಡಲಿಗೆ ಇಳಿಯಬಾರದೆಂದು ರೇಡಿಯೊ ಹೇಳಿದ ದಿನ ಇವರು ಓಣಿಯಲ್ಲಿ ಹಾಸು ಹಾಕುತ್ತಿರಲಿಲ್ಲ. ಒಮ್ಮೆ ಹೀಗೆಯೇ ಎರಡು ದಿನ ಕೈಕಟ್ಟಿ ಕೂತರು. ಮೇಲೆ ನೋಡಿದರೆ ಆಕಾಶ ತೊಳೆದಿಟ್ಟಷ್ಟು ಸ್ವಚ್ಛ. ನೇಕಾರರು, ಬಲೆ ಒಣಗಿತೇನಜ್ಜಾ ಎಂದು ಕಾಡಿದ್ದೇ ಕಾಡಿದ್ದು. ಅಜ್ಜ ಸಿಟ್ಟಾಗಲಿಲ್ಲ. "ಅವರದೂ ನೂಲಿನ ಬದುಕು, ನಮ್ಮದೂ ನೂಲಿನ ಬದುಕು. ಅವರಿಗೆ ಹೇಳಿದ್ದು ನಮಗೂ ಹೇಳಿದಂಗ" ಎಂದರು. ಆ ಎರಡು ದಿನ ಒಂದು ಹನಿಯೂ ಬೀಳಲಿಲ್ಲ ಎನ್ನುವುದನ್ನೂ ನಾನಿಲ್ಲಿ ಹೇಳಲೇಬೇಕು.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಅಣ್ಣನಿಗೆ ಹವಾಮಾನ ಇಲಾಖೆಯಲ್ಲಿ ನೌಕರಿ ಸಿಕ್ಕು, ಲಕ್ಷದ್ವೀಪದ ಒಂದು ನಡುಗಡ್ಡೆಗೆ ಹಾಕಿದರು. ಗಾಳಿ, ಮಳೆ ಅಳೆದು ವರದಿ ಕಳಿಸುವುದು ಅವನ ಕೆಲಸ. ಇಲ್ಲಿಯ ಅತಿ ಎತ್ತರದ ಜಾಗ ನಮ್ಮ ಮನೆಯ ಮಾಳಿಗೆಯಷ್ಟೂ ಇಲ್ಲ ಎಂದು ಅವನು ಪತ್ರದಲ್ಲಿ ಬರೆದಿದ್ದ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಪತ್ರ ಓದಿ ಹೇಳುವಾಗ ಆ ಸಾಲನ್ನು ನಾನು ಜಿಗಿದುಬಿಟ್ಟಿದ್ದೆ.

ಆ ವರ್ಷ ಕಮತಗಿಯ ಶಾಲೆಯಲ್ಲಿ ಓದುತ್ತಿದ್ದ ನಾನು ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದು ಲಕ್ಷದ್ವೀಪದ ಕಡೆ ಹೊರಟಿದೆ ಎಂದು ರೇಡಿಯೊ ಹೇಳಿತು. ಅವ್ವ ಅಜ್ಜನ ಕಟ್ಟೆಗೆ ಬಂದು ಕೂತಳು. ಅಜ್ಜ ಮುಚ್ಚುಮರೆ ಮಾಡದೆ ಹೇಳಿದರು: "ತೆಂಗಿನ ಗಿಡ ಬೀಳಬಹುದು. ತೆರಿ ದಂಡಿ ದಾಟಿ ಊರಾಗ ಬರಬಹುದು. ತಗ್ಗಿನಾಗ ಇರೂ ಮಂದಿ ಎತ್ತರದ ಜಾಗಾಕ ಹೋಗ್ಬೇಕಂತ."

ಅಲ್ಲಿ ಎತ್ತರದ ಜಾಗ ಎಲ್ಲಿದೆ ಎಂದು ಅವ್ವ ನನ್ನನ್ನು ಕೇಳಿದಳು. ನಾನು ನೆಲ ನೋಡಿದೆ. ಆ ಹೊತ್ತಿನಿಂದ ಅವ್ವ ಬಾಯಿಗೆ ತುತ್ತು ಇಡಲಿಲ್ಲ. ನಾನೂ ಅಪ್ಪನೂ ಹೇಳಿ ಹೇಳಿ ಸೋತೆವು.

ಮರುದಿನ ಮಧ್ಯಾಹ್ನ ರೇಡಿಯೊ, ಬಿರುಗಾಳಿ ದ್ವೀಪಗಳಿಗೆ ಅಪ್ಪಳಿಸಿದೆ, ಅಲ್ಲಿಯ ಸಂಪರ್ಕ ಕಡಿದುಹೋಗಿದೆ ಎಂದಿತು. ಕಟ್ಟೆಯ ಮೇಲೆ ಇದ್ದವರು ಅಜ್ಜ, ಅವ್ವ, ನಾನು, ಮೂವರೇ. ಅಜ್ಜ ರೇಡಿಯೊ ಆರಿಸಿದರು. ಮುಂಗೈಯ ಗಂಜಿ ಕೆರೆಯುತ್ತ ಹೇಳಿದರು:

"ಗಾಳಿ ನಡುಗಡ್ಡಿ ಬಾಜೂಕ ಹಾದು ಹೋತಂತವ್ವ. ಈಗ ಇಳದೈತಂತ. ನೀ ಹೋಗಿ ಉಣ್ಣು."

ನಾನು ಬೆಚ್ಚಿಬಿದ್ದು ಅವರ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವ್ವ ಎದ್ದು ಹೋಗಿ, ಒಲೆಯ ಮುಂದೆ ಕೂತು ಒಂದು ರೊಟ್ಟಿ ತಿಂದಳು.

ಅಲ್ಲಿಂದ ಮೂರು ದಿನ ಅಜ್ಜ ನಮ್ಮ ಬಾಗಿಲ ಕಡೆ ಮುಖ ಹಾಕಲಿಲ್ಲ. ಅಣ್ಣ ಇಲ್ಲವಾಗಿದ್ದರೆ ಅವ್ವನ ಮುಂದೆ ನಾವಿಬ್ಬರೂ ಹೇಗೆ ನಿಲ್ಲುವುದು? ಅಜ್ಜನ ಮೇಲೆ ಸಿಟ್ಟೂ ಬಂತು, ಖರೆ ಹೇಳುತ್ತೇನೆ. ನಾಲ್ಕನೆಯ ದಿನ ತಾರು ಬಂತು. ಅಣ್ಣ ಕ್ಷೇಮವಾಗಿದ್ದ. ಓದಿ ಹೇಳಲು ನಾನು ಮೊದಲು ಓಡಿದ್ದು ಅಜ್ಜನ ಮನೆಗೆ. ಅವರು ಗಂಜಿಗೈಯಲ್ಲೇ ನನ್ನ ತಲೆ ಮುಟ್ಟಿದರು.

ಅಣ್ಣ ರಜೆಗೆ ಬಂದಾಗ ಅಜ್ಜ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಇಡೀ ಬಿರುಗಾಳಿಯನ್ನು ಮೊದಲಿನಿಂದ ಹೇಳಿಸಿದರು. ಶಾಲೆಯ ಸಿಮೆಂಟು ಮಾಳಿಗೆಯ ಮೇಲೆ ಊರಿಗೆ ಊರೇ ಹತ್ತಿ ಕೂತದ್ದು, ಮೊದಲ ಏಟಿಗೇ ವೈರ್‌ಲೆಸ್ ಕಂಬ ಉರುಳಿದ್ದು, ಎಲ್ಲ ಕೇಳಿ, ಮೀನುಗಾರರ ಬಲೆಗಳು ಏನಾದವು ಎಂದು ವಿಚಾರಿಸಿದರು. ಆಮೇಲೆ ಅವರು ಬದುಕಿರುವವರೆಗೂ ರೇಡಿಯೊದ ಒಂದು ಮಾತನ್ನೂ ಬದಲಿಸಲಿಲ್ಲ.

ಆ ದಶಕ ಮುಗಿಯುವ ಮೊದಲೇ ಅಜ್ಜ ಹೋದರು. ಮಣ್ಣು ಕೊಟ್ಟು ಬಂದು ಸ್ನಾನ ಮಾಡಿ ಕೂತಾಗ, ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ನಾನು ಅವ್ವನಿಗೆ ಹೇಳಿಬಿಟ್ಟೆ. ಅಜ್ಜ ಅವತ್ತು ಹೇಳಿದ್ದು ಸುಳ್ಳು ಎಂದೆ. ಅವ್ವ ತಲೆಯ ನೀರು ಒರೆಸಿಕೊಳ್ಳುತ್ತಲೇ ಇದ್ದಳು.

"ಗೊತ್ತೈತಿ. ನಿನ್ನ ಮಾರಿ ನೋಡಿದ ಕೂಡ್ಲೆ ತಿಳೀತು."

ಹಾಗಾದರೆ ಎದ್ದು ಹೋಗಿ ಉಂಡದ್ದೇಕೆ ಎಂದು ಕೇಳಿದೆ.

"ಜನ್ಮದಾಗ ಒಂದು ಮಾತು ಆಚೀಚೆ ಮಾಡಿದ ಮನಷ್ಯಾ ಅಲ್ಲ. ನಾ ಉಣ್ಲಿ ಅಂತ ಸುಳ್ಳ ಹೇಳಿದ. ಉಪಾಸ ಹೆಂಗ ಕುಂದ್ರಲಿ?"