ಮುಖವಿಲ್ಲದ ಗುರುತಿನ ಚೀಟಿ

ಶಂಕರಮ್ಮ ಹಠ ಹಿಡಿದರೆ ಮುಗಿಯಿತು, ಯಾರ ಮಾತೂ ನಡೆಯದು. ಭದ್ರಾವತಿಯ ಕಾರ್ಖಾನೆ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ಚಪಾತಿ ಲಟ್ಟಿಸಿ ನಿವೃತ್ತರಾದ ದಿನವೇ, ಪಶುಪತಿನಾಥನನ್ನು ನೋಡದೆ ಕಣ್ಣು ಮುಚ್ಚುವುದಿಲ್ಲ ಎಂದು ಓಲ್ಡ್ ಟೌನಿನ ಬೀದಿಗೆಲ್ಲ ಸಾರಿದ್ದರು. ೨೦೦೧ರ ಶಿವರಾತ್ರಿಗೆ ಹದಿನೈದು ಜನರ ತಂಡವೊಂದು ದೆಹಲಿಯಿಂದ ವಿಮಾನದಲ್ಲಿ ಕಠ್ಮಂಡುವಿಗೆ ಹೊರಡುವುದಿತ್ತು. ನೇಪಾಳಕ್ಕೆ ವೀಸಾ ಬೇಡವೆಂದು ಕೇಳಿ ಶಂಕರಮ್ಮ ಕೂಡಲೇ ಹೆಸರು ಬರೆಸಿದರು.

ಹೊರಡಲು ಮೂರು ವಾರವಿರುವಾಗ, ಶಿವಮೊಗ್ಗದ ಯಾತ್ರೆ ಏಜೆಂಟ್ ಶ್ರೀನಿವಾಸಮೂರ್ತಿ ಫೋಟೊ ಇರುವ ಗುರುತಿನ ಚೀಟಿ ಕೇಳಿದರು. ಶಂಕರಮ್ಮ ಗತ್ತಿನಿಂದ ಚುನಾವಣೆಯ ಚೀಟಿ ತೆಗೆದು ಮುಂದಿಟ್ಟರು. ಅದರಲ್ಲಿ ಹೆಸರಿತ್ತು, ಊರಿತ್ತು, ಮುಖವಿರಲಿಲ್ಲ.

ತಪ್ಪು ಅವರದೇ. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಯಂತ್ರಗಳಿಗೆಲ್ಲ ವಿಭೂತಿ ಬಳಿಯುವುದನ್ನು ನೋಡಿ ನೋಡಿ, ಮನೆಯಲ್ಲಿಯೂ ಒಲೆ, ಮಿಕ್ಸಿ, ರೇಡಿಯೊ ಒಂದನ್ನೂ ಬಿಡುತ್ತಿರಲಿಲ್ಲ. ಸರ್ಕಾರ ಕೊಟ್ಟ ಚೀಟಿಗೆ ಮಾತ್ರ ಭೇದ ಮಾಡುವುದುಂಟೇ? ಪ್ರತಿ ವರ್ಷ ಅದಕ್ಕೂ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ. ಪ್ಲಾಸ್ಟಿಕ್ಕಿನ ಅಂಚು ಬಿಟ್ಟುಕೊಂಡು ನೀರು ಒಳಗಿಳಿದಿತ್ತು. ಅಂತೂ ಭಕ್ತಿಯೇ ಮುಖವನ್ನು ತಿಂದುಹಾಕಿತ್ತು.

"ವೀಸಾನೇ ಬೇಡ ಅಂದ್ಮೇಲೆ ನನ್ನ ಮುಖ ಯಾಕ್ರೀ ಬೇಕು ಅವರಿಗೆ? ನಾನೇನು ಬಾಂಬ್ ಇಡೋಕೆ ಹೋಗ್ತೀನಾ?" ಎಂದು ರೇಗಿದರು.

"ನೀವಲ್ಲ ಅಮ್ಮ. ಯಾರೂ ಏನೂ ಕೇಳಲ್ಲ ಅಂತಾದ್ರೆ ಅದೇ ದಾರೀಲಿ ಹೊರದೇಶದ ಬಂದೂಕಿನೋರೂ ನುಗ್ತಾರೆ. ತೊಂಬತ್ತೊಂಬತ್ತರಲ್ಲಿ ವಿಮಾನ ಹೊತ್ಕೊಂಡು ಹೋದ್ರಲ್ಲ, ಅದು ಕಠ್ಮಂಡುವಿಂದ್ಲೇ ಹೊರಟಿದ್ದು."

ಶಂಕರಮ್ಮ ಚೀಟಿಯನ್ನು ಮತ್ತೆ ಚೀಲಕ್ಕೆ ಸೇರಿಸಿದರು. ಆ ಎಂಟು ದಿನ ಟಿವಿ ಮುಂದೆ ಕೂತು, ಒಳಗೆ ಸಿಕ್ಕಿಕೊಂಡವರಿಗಾಗಿ ಅನ್ನ ಸೇರದೆ ಒದ್ದಾಡಿದ್ದರು. ಕೇಳಲಿ, ಚೆನ್ನಾಗಿ ಕೇಳಲಿ ಎನಿಸಿತು. ಆದರೆ ತಮ್ಮ ಮುಖ ತರುವುದೆಲ್ಲಿಂದ?

ಹೊಸ ಚೀಟಿಗೆ ತಿಂಗಳುಗಟ್ಟಲೆ ಬೇಕು. ಕೊನೆಗೆ ಶಿವಮೊಗ್ಗದ ಅಸಿಸ್ಟೆಂಟ್ ಕಮಿಷನರ್ ಆಫೀಸಿನಲ್ಲಿ ಫೋಟೊ ಅಂಟಿಸಿದ ಗುರುತಿನ ಪತ್ರ ಕೊಡಲು ಒಪ್ಪಿದರು. ಅದಕ್ಕೆ ಅಕ್ಕಪಕ್ಕದ ಎರಡೂ ಮನೆಯವರು ಇವರೇ ಶಂಕರಮ್ಮ ಎಂದು ಸಹಿ ಹಾಕಬೇಕು. ಎಡಮನೆಯ ಲಿಂಗಪ್ಪ ಬಾಗಿಲಲ್ಲೇ ನಿಂತು ಹಾಕಿಕೊಟ್ಟರು. ಬಲಗಡೆ ಬಸವರಾಜೇಶ್ವರಿಯ ಮನೆ. ಅವಳ ನುಗ್ಗೆಮರದ ಕೊಂಬೆಯನ್ನು ಶಂಕರಮ್ಮ ಹೇಳದೆ ಕೇಳದೆ ಕಡಿಸಿದಂದಿನಿಂದ, ಮೂರು ವರ್ಷ, ಮಾತು ಬಿಟ್ಟುಹೋಗಿತ್ತು.

ಎರಡು ದಿನ ಕಾಗದ ಹಿಡಿದು ಒಳಗೂ ಹೊರಗೂ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಬಿಗುಮಾನ ನುಂಗಿಕೊಂಡು ಆ ಮನೆಯ ಮೆಟ್ಟಿಲು ಹತ್ತಿದರು.

"ರಾಜೇಶ್ವರಿ, ಇದು ನಾನೇ ಅಂತ ಒಂದು ಸಹಿ ಬೇಕಿತ್ತು."

ಅವಳು ಕೈ ಒರೆಸಿಕೊಂಡು ಫೋಟೊ ನೋಡಿದಳು. ಆಮೇಲೆ ಎದುರಿಗಿದ್ದ ಮುಖ ನೋಡಿದಳು.

"ಈಚೆಗೆ ಇಳಿದು ಹೋಗಿದೀರಿ ಅಕ್ಕ. ದೀಪಾವಳೀಲಿ ಜ್ವರ ಬಂದ್ಮೇಲೆ."

"ಜ್ವರ ಬಂದಿದ್ದು ನಿಂಗೆ ಹೇಗೆ ಗೊತ್ತು?"

"ಮೂರು ವರ್ಷದಿಂದ ದಿನಾ ನಿಮ್ಮನ್ನ ನೋಡ್ತಾನೇ ಇದೀನಿ ಮಾರಾಯ್ತಿ. ಮುಖ ತಿರುಗಿಸ್ಕೊಂಡು ಹೋಗ್ತಿದ್ದೋರು ನೀವು."

ಶಂಕರಮ್ಮನಿಗೆ ನಾಚಿಕೆಯಾಯಿತು, ಅಳುವೂ ಬಂತು. ರಾಜೇಶ್ವರಿ ಪೆನ್ನು ಹುಡುಕಿ ತಂದು, ಕಾಗದವನ್ನು ಗೋಡೆಗೊತ್ತಿ ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು.

ಆ ಸಹಿಯ ಮೇಲೆ ವಾರದೊಳಗೆ ಪತ್ರ ಸಿಕ್ಕಿತು, ಶಿವರಾತ್ರಿಗೆ ಪಶುಪತಿನಾಥನ ದರ್ಶನವೂ ಆಯಿತು. ಅಲ್ಲಿ ಶಂಕರಮ್ಮ ತಮ್ಮ ಮನೆಯದು, ರಾಜೇಶ್ವರಿಯ ಮನೆಯದು, ಎರಡೂ ಹೆಸರು ಹೇಳಿ ಪೂಜೆ ಮಾಡಿಸಿದರು.