ಕುಳಿಯೋ ಉಬ್ಬೋ

ಡೊಂಬಿವಲಿಯ ನಮ್ಮ ಮನೆಯ ಒಳಕೋಣೆಯಲ್ಲಿ, ಅತ್ತೆಯವರ ಮಂಚಕ್ಕೆ ನೇರ ಮೇಲೆ, ಛಾವಣಿಯಲ್ಲೊಂದು ಕಲೆಯಿದೆ. ಹಳೆಯ ಕಟ್ಟಡಗಳಲ್ಲಿ ಬಾಳಿದವರಾದರೆ ನಿಮಗೂ ಇಂಥದ್ದೊಂದರ ಪರಿಚಯವಿದ್ದೀತು: ಮಳೆಗಾಲದಲ್ಲಿ ಹುಟ್ಟಿ, ಚಳಿಗಾಲದಲ್ಲಿ ಒಣಗಿ, ಸುಣ್ಣ ಬಳಿದರೆ ನಾಲ್ಕು ದಿನ ಮರೆಯಾಗಿ, ಆಮೇಲೆ ಹೇಳದೆ ಕೇಳದೆ ಬಂದ ನೆಂಟನ ಹಾಗೆ ಮತ್ತೆ ಅದೇ ಜಾಗದಲ್ಲಿ ತಳವೂರುವ ಹಳದಿ ಅಂಚಿನ ಕಲೆ. ಈ ವರ್ಷ ಅದರಿಂದ ಸಣ್ಣದೊಂದು ಬಿರುಕು ಹೊರಟು ಫ್ಯಾನಿನ ಕೊಕ್ಕೆಯತ್ತ ನಡೆದಿದೆ. ಕಸ ಗುಡಿಸಲು ಆ ಕೋಣೆಗೆ ಹೋದರೂ ನನ್ನ ಕತ್ತು ತಾನಾಗಿಯೇ ಮೇಲಕ್ಕೇಳುತ್ತದೆ.

ಕೆಳಗೆ ಮೆಟ್ಟಿಲ ಬಳಿ, ಕಟ್ಟಡ ‘ಧೋಕಾದಾಯಕ’, ಅಂದರೆ ಅಪಾಯಕಾರಿ, ಎಂದು ಪಾಲಿಕೆಯವರು ಮರಾಠಿಯಲ್ಲಿ ಚೀಟಿ ಅಂಟಿಸಿ ಹೋಗಿದ್ದಾರೆ. ನಮ್ಮನ್ನು ಒಕ್ಕಲೆಬ್ಬಿಸಲು ಬಿಲ್ಡರ್ ಹೂಡಿದ ಆಟ ಇದು ಎಂದು ಕೆಲವರು, ಒಮ್ಮೆ ಹೊರಗೆ ಕಾಲಿಟ್ಟರೆ ಈ ಜನ್ಮದಲ್ಲಿ ಮತ್ತೆ ಒಳಗೆ ಬರುವುದಿಲ್ಲ ಎಂದು ಇನ್ನು ಕೆಲವರು. ಇನ್ನೂ ದೂರದ ಟಿಟ್ವಾಳಾದಲ್ಲಿ ಬಾಡಿಗೆಗೆ ಮನೆ ನೋಡೋಣವೆಂದು ನಾನು, ಅಲ್ಲಿಂದ ದಿನಾ ಲೋಕಲ್ ರೈಲು ಹಿಡಿದು ಸಾಯಲೇನು ಎಂದು ನನ್ನ ಗಂಡ. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದರೂ ಮರಾಠಿ ಓದಲು ಕಲಿಯದ ಅತ್ತೆಯವರು ಮಾತ್ರ ನಿಶ್ಚಿಂತರು. ಯಾರದೋ ಚೀಟಿ ತಮಗೇಕೆ ಎಂಬುದು ಅವರ ವಾದ.

ಇನ್ನು ನನ್ನ ಉದ್ಯೋಗ. ಹೇಳಿದರೆ ನೀವು ನಗಬಹುದು. ಸಾನಪಾಡಾದ ಒಂದು ಪುಟ್ಟ ಕಚೇರಿಯಲ್ಲಿ, ಚಂದ್ರ ಮತ್ತು ಮಂಗಳನ ನೆಲದ ಚಿತ್ರಗಳನ್ನು ನೋಡಿ ಅವುಗಳಲ್ಲಿ ಏನಿದೆಯೆಂದು ಕನ್ನಡದಲ್ಲಿ ಬರೆಯುವ ಕೆಲಸ. ಹೀಗೆ ಬರೆದ ರಾಶಿ ರಾಶಿ ವಾಕ್ಯಗಳನ್ನು ತಿಂದು ಒಂದು ಯಂತ್ರ ತಾನೇ ವರ್ಣನೆ ಬರೆಯಲು ಕಲಿತಿದೆ. ಈಗ ಅದು ಬರೆಯುತ್ತದೆ, ನಾವು ತಿದ್ದುತ್ತೇವೆ. ಮೊದಮೊದಲು ನಾನು ‘ತಗ್ಗು’ ಎಂದು ಬರೆದದ್ದನ್ನೆಲ್ಲ ನಮ್ಮ ಪರಿಶೀಲಕರಾದ ಕಾರ್ಕಳದ ಕಡೆಯ ಹೆಗ್ಡೆಯವರು ‘ಹೊಂಡ’ ಮಾಡುತ್ತಿದ್ದರು. ಚಂದ್ರನ ಮೇಲಾದರೂ ನನ್ನ ವಿಜಯಪುರಕ್ಕೂ ಅವರ ಕಾರ್ಕಳಕ್ಕೂ ಜಗಳ ಬೇಡವೆಂದು ಕೊನೆಗೆ ‘ಕುಳಿ’ ಎಂಬ ಪದಕ್ಕೆ ಇಬ್ಬರೂ ಒಪ್ಪಿದೆವು.

ಆ ಯಂತ್ರದ ಕನ್ನಡವನ್ನು ನೀವೊಮ್ಮೆ ಕೇಳಬೇಕು. ಎಷ್ಟು ಸಮಾಧಾನ, ಎಂಥ ಗಾಂಭೀರ್ಯ! ಪ್ರಾಚೀನ, ನಿಶ್ಚಲ, ಶುಷ್ಕ, ವಿಸ್ತಾರ ಮುಂತಾದ ಶಬ್ದಗಳಲ್ಲಿ ಅದು ನೆಲೆನಿಂತ ಋಷಿಯಂತೆ ಮಾತಾಡುತ್ತದೆ. ಅದಕ್ಕೆ ಗಾಬರಿ ಗೊತ್ತಿಲ್ಲ, ಏಕೆಂದರೆ ನಾವು ಕಲಿಸಿಲ್ಲ. ಬೆಟ್ಟ ಕುಸಿದರೂ ಯಾರ ತಲೆಯ ಮೇಲೂ ಬೀಳದ ಲೋಕವನ್ನು ವರ್ಣಿಸುವವರಿಗೆ ‘ಅಯ್ಯೋ’ ಎಂಬ ಪದದ ಅಗತ್ಯವೇ ಬರುವುದಿಲ್ಲ ನೋಡಿ. ಇದು ನನಗೆ ಆಗಲೇ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಅರ್ಧ ತಮಾಷೆಗೆ, ಅರ್ಧ ತಡೆಯಲಾರದ ಆತಂಕಕ್ಕೆ, ಛಾವಣಿಯ ಕಲೆಯ ಫೋಟೋ ತೆಗೆದು, ಬಣ್ಣ ಕಳೆದು ಕಪ್ಪು-ಬಿಳುಪು ಮಾಡಿ, ಫೋನಿನಿಂದಲೇ ಕಚೇರಿಯ ಯಂತ್ರಕ್ಕೆ ಕೊಟ್ಟೆ. ಅದು ಬರೆಯಿತು: ‘ಪ್ರಾಚೀನ ಮೇಲ್ಮೈ. ಮಧ್ಯದಲ್ಲಿ ಆಳವಿಲ್ಲದ ಕುಳಿ. ಅದರಿಂದ ಹೊರಟ ಒಣ ಕಾಲುವೆಯೊಂದು ಬಲಕ್ಕೆ ಸಾಗಿದೆ. ಇತ್ತೀಚಿನ ಚಟುವಟಿಕೆಯ ಕುರುಹು ಕಾಣುವುದಿಲ್ಲ.’

ನನಗೆ ನಗು ಬಂತು. ನಗುವಿನ ಹಿಂದೆಯೇ, ಹೇಳಲು ನಾಚಿಕೆಯಾಗುತ್ತದೆ, ಎದೆಯ ಮೇಲಿನ ಭಾರವೂ ಇಳಿಯಿತು. ಅದಕ್ಕೆ ಎಲ್ಲವೂ ಮಂಗಳವೇ ಎಂದು ಗೊತ್ತಿದ್ದೂ ನನಗೆ ಆ ವಾಕ್ಯ ಬೇಕಾಗಿತ್ತು. ನನ್ನ ಗಂಡನಿಗೆ ಇನ್ನೂ ಹೆಚ್ಚಾಗಿ ಬೇಕಾಗಿತ್ತು. ಅವರು ಫೋನು ಹಿಡಿದುಕೊಂಡು ತಾಯಿಯ ಮಂಚದ ಅಂಚಿಗೆ ಕುಳಿತು, “ಅವ್ವಾ, ಕೇಳಿಲ್ಲಿ. ಇದರಾಗ ಹೊಸಾದೇನೂ ಆಗಿಲ್ಲಂತ” ಎಂದು ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿದರು.

ಅತ್ತೆಯವರು ಅದನ್ನು ಎರಡು ಸಲ ಓದಿಸಿದರು. “ಚೀಟಿ ಅಂಟಿಸಿದವ್ರು ಏನ್ ಬರದಾರೋ ನನಗ ತಿಳಿಯಂಗಿಲ್ಲ. ಇದು ನಮ್ಮ ಮಾತಿನ್ಯಾಗ ಹೇಳ್ಯದ. ತಿಳೀತು ಬಿಡು” ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಈ ಊರಿನಲ್ಲಿ ರೈಲಿನ ಘೋಷಣೆಯಿಂದ ಹಿಡಿದು ದವಾಖಾನೆಯ ಬೋರ್ಡಿನ ತನಕ ಯಾವುದೂ ಅವರೊಂದಿಗೆ ಕನ್ನಡದಲ್ಲಿ ಮಾತಾಡಿದ್ದಿಲ್ಲ. ಮೊಟ್ಟಮೊದಲ ಬಾರಿ ಒಂದು ದೊಡ್ಡ ಮಾತು ಅವರ ಭಾಷೆಯಲ್ಲಿ ಬಂದಿತ್ತು, ಅದನ್ನು ಅವರು ನಂಬಿದರು.

ಮರುದಿನ ಕಚೇರಿಯಲ್ಲಿ ಹೆಗ್ಡೆಯವರು ನನ್ನ ಮೇಜಿನ ಬಳಿ ಬಂದು ನಿಂತರು. ಯಂತ್ರ ಚಂದ್ರನ ಒಂದು ಚಿತ್ರಕ್ಕೆ ‘ಕುಳಿ’ ಎಂದದ್ದನ್ನು ನಾನು ತಿದ್ದದೆ ಬಿಟ್ಟಿದ್ದೆ. “ಇದು ಕುಳಿ ಅಲ್ಲ ಮಾರಾಯ್ರೆ, ಉಬ್ಬು. ಬೆಳಕು ಬಲಗಡೆಯಿಂದ ಬಂದದ್ದು ನೋಡಿ. ಈ ಯಂತ್ರಕ್ಕೆ ಯಾವಾಗ್ಲೂ ಎಡಗಡೆಯ ಬೆಳಕೇ ಅಭ್ಯಾಸ ಅಲ್ವಾ” ಎಂದರು. ಬೆಳಕು ಎಡದಿಂದ ಬಿದ್ದರೆ ಕುಳಿಯ ಎಡ ಅಂಚು ಕಪ್ಪಾಗಿ ಕಾಣುತ್ತದೆ. ಬಲದಿಂದ ಬಿದ್ದರೆ ಅದೇ ಎಡಗಡೆಯ ಕಪ್ಪು ಉಬ್ಬಿನದು. ಈ ಪಾಠ ನನಗೆ ಹೊಸದಲ್ಲ, ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ.

ಆಗ ನಮ್ಮ ಒಳಕೋಣೆಯ ಕಿಟಕಿ ನೆನಪಾಯಿತು. ಫೋಟೋ ತೆಗೆಯುವಾಗ ಅದು ಬಲಕ್ಕಿತ್ತು, ಬೆಳಕು ಬಿದ್ದದ್ದೂ ಅಲ್ಲಿಂದಲೇ.

ಅಂದು ಸಾನಪಾಡಾದಿಂದ ಮನೆ ಸೇರಿದ್ದು ಹೇಗೆಂದು ನನಗೇ ಸರಿಯಾಗಿ ನೆನಪಿಲ್ಲ. ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತುವಾಗ ಜನ ನೂಕಿದ ಕಡೆ ಹೋದೆ. ಮನೆಗೆ ಫೋನು ಮಾಡಿದರೆ ಅತ್ತೆಯವರು ಎತ್ತಲಿಲ್ಲ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅವರು ಎತ್ತುವುದೇ ಇಲ್ಲವೆಂಬುದು ಗೊತ್ತಿದ್ದರೂ ಮತ್ತೆ ಮತ್ತೆ ಮಾಡಿದೆ. ಗ್ರಹಗಳನ್ನು ದೂರದಿಂದ ನೋಡುವವರಿಗೆ ಕುಳಿಯೂ ಒಂದೇ, ಉಬ್ಬೂ ಒಂದೇ. ತಪ್ಪಿದರೆ ಒಂದು ಪದ ತಿದ್ದಿದರಾಯಿತು. ನಾನೋ ಹಾಗೆ ದೂರ ನಿಂತು ನೋಡುವುದನ್ನೇ ಅಭ್ಯಾಸ ಮಾಡಿಕೊಂಡು, ನನ್ನ ಮನೆಯ ಛಾವಣಿಯನ್ನೂ ಅಷ್ಟೇ ದೂರದಿಂದ ನೋಡಿದ್ದೆ.

ಅತ್ತೆಯವರು ಎದ್ದು ಮಂಚದ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದರು. ಸದ್ಯ ಎನ್ನಿಸಿ ಕಣ್ಣು ತುಂಬಿ ಬಂತು.

“ಅತ್ಯಾರ, ಮಶೀನ್ ತಪ್ಪ ಹೇಳ್ಯದ್ರಿ. ಅದು ತಗ್ಗಲ್ಲ, ಮ್ಯಾಲಿನ ಗಿಲಾಯಿ ಉಬ್ಬಿ ಕೆಳಗ ಇಳದದ. ಇವತ್ತಿಂದ ಹೊರಗ ಪಡಸಾಲ್ಯಾಗ ಮಲಗ್ರಿ, ನಾಳೆ ಟಿಟ್ವಾಳಾಕ್ಕ ಮನಿ ನೋಡಾಕ ಹೋಗೋಣು.”

“ನಿನ್ನೆ ಖರೇ ಇದ್ದದ್ದು ಇವತ್ತ ಹೆಂಗ ಸುಳ್ಳಾತು?” ಎಂದರು. “ಅದಕ್ಕ ಮಾತು ಕಲಿಸಿದಾಕಿ ನೀನ ಅಲ್ಲೇನು?”

ಬೆಳಕು, ನೆರಳು, ಎಡ, ಬಲ ಎಂದು ಏನೇನೋ ಹೇಳಿದೆ. ನನ್ನ ಗಾಬರಿಯ ತೊದಲು ಮಾತಿಗಿಂತ ಯಂತ್ರದ ಗಂಭೀರ ವಾಕ್ಯವೇ ಅವರಿಗೆ ಹೆಚ್ಚು ಕನ್ನಡವಾಗಿ ಕೇಳಿಸಿರಬೇಕು. ಅವರು ಬಾಚಣಿಗೆಯ ಕೂದಲು ಬಿಡಿಸುತ್ತ ಕುಳಿತರು, ಜಾಗ ಬಿಟ್ಟು ಕದಲಲಿಲ್ಲ.

“ಹಂಗಾದ್ರ ನಾನೂ ಇಲ್ಲೇ ಮಲಗತೀನ್ರಿ” ಎಂದು ಅವರ ತಲೆದಿಂಬಿಗೆ ತಲೆಯಿಟ್ಟು ಅಂಗಾತ ಮಲಗಿಬಿಟ್ಟೆ. ಅಲ್ಲಿಂದ ಆ ಕಲೆಯನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿ ಕುಳಿಯೋ ಉಬ್ಬೋ ಎಂಬ ಸಂದೇಹಕ್ಕೆ ಎಡೆಯೇ ಇರಲಿಲ್ಲ; ಛಾವಣಿಯ ಗಾರೆ ಹೊಟ್ಟೆ ಬಿಟ್ಟುಕೊಂಡು ನನ್ನ ಮುಖದ ಮೇಲೆಯೇ ಬಾಗಿತ್ತು. ಹೆದರಿಕೆಯಾಯಿತು, ಆದರೂ ಏಳಲಿಲ್ಲ.

ಅತ್ತೆಯವರು ತಲೆ ಎತ್ತಿ ಛಾವಣಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಕೈಯ ಬಾಚಣಿಗೆ ನಿಂತಿತು.

“ಏಳು” ಎಂದರು.

“ಯಾಕ್ರಿ? ಏನೂ ಆಗೂದಿಲ್ಲಂತಲ್ಲ.”

“ಆಗೂದಿಲ್ಲ, ಖರೆ. ಆದ್ರ ನೀ ಅಲ್ಲಿ ಮಲಗಬ್ಯಾಡ.”

ಮೊದಲು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ನಾನು ಬಾಗಿಲು ದಾಟಿದ್ದನ್ನು ನೋಡಿಕೊಂಡು, ಆಮೇಲೆ ತಲೆದಿಂಬು ಎತ್ತಿಕೊಂಡು ತಾವೂ ಪಡಸಾಲೆಗೆ ಬಂದರು.